ಮಡಿವಾಳದಿಂದ ಬೆಳಗಾವಿಗೆ: ಎಲ್ಲವನ್ನೂ ಒಂದೇ ಊರಲ್ಲಿಟ್ಟ ರಾಜ್ಯದ ಪ್ರಕರಣ ಅಧ್ಯಯನ

2008ರ ಜುಲೈ 25, ಶುಕ್ರವಾರ. ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಬಾಂಬುಗಳು ಸಿಡಿಯತೊಡಗಿದವು. ಮಡಿವಾಳ, ನಾಯಂಡಹಳ್ಳಿ, ಮೈಸೂರು ರಸ್ತೆ, ಆಡುಗೋಡಿ, ಕೋರಮಂಗಲ, ರಿಚ್ಮಂಡ್ ವೃತ್ತದ ಸುತ್ತಮುತ್ತ, ಹೀಗೆ ಒಂದರ ಹಿಂದೆ ಒಂದು. ಎಲ್ಲವೂ ಟೈಮರ್ ಕಟ್ಟಿದ, ಕಡಿಮೆ ತೀವ್ರತೆಯ ಬಾಂಬುಗಳು. ಮಡಿವಾಳದ ಬಸ್ ತಂಗುದಾಣದಲ್ಲಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು, ನಗರದಲ್ಲಿ ಹಲವರು ಗಾಯಗೊಂಡರು. ಮರುದಿನ ಕೋರಮಂಗಲದ ಮಾಲ್ ಒಂದರ ಹತ್ತಿರ ಸಿಡಿಯದೆ ಉಳಿದಿದ್ದ ಇನ್ನೊಂದು ಬಾಂಬ್ ಸಿಕ್ಕಿತು. ಅದೇ ಶನಿವಾರ ಸಂಜೆ ಅಹಮದಾಬಾದ್‌ನಲ್ಲಿ 21 ಸ್ಫೋಟಗಳಾಗಿ 56 ಜನ ಸತ್ತರು. ಗಾಯಾಳುಗಳನ್ನು ಹೊತ್ತು ತಂದ ಆಸ್ಪತ್ರೆಯ ಆವರಣದಲ್ಲೂ ಅಲ್ಲಿ ಬಾಂಬ್ ಸಿಡಿಯಿತು.

ಬಾಂಬ್ ಇಟ್ಟವರು ಯಾರು, ಮೊಕದ್ದಮೆ ಏನಾಯಿತು ಎಂಬುದರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನನಗೆ ಕಾಡುವುದು ಬೇರೆ ಪ್ರಶ್ನೆ. ಆ ಶುಕ್ರವಾರ ಬೆಂಗಳೂರಿನಲ್ಲಿ ಏನೇನು ನಿಂತಿತು? ಏನು ನಿಲ್ಲಲಿಲ್ಲ? ಯಾಕೆ ನಿಲ್ಲಲಿಲ್ಲ?

ನಿಂತದ್ದು ಮೊದಲು ಮೊಬೈಲ್. ಎಲ್ಲರೂ ಒಮ್ಮೆಗೇ ಮನೆಯವರಿಗೆ ಕರೆ ಮಾಡಲು ಹೊರಟರೆ ಜಾಲ ತಡೆದುಕೊಳ್ಳುವುದಿಲ್ಲ. ಶಾಲೆ, ಸಿನಿಮಾ ಮಂದಿರ, ಮಾಲ್‌ಗಳು ಬೇಗ ಬಾಗಿಲು ಹಾಕಿಕೊಂಡವು. ಹೊಸೂರು ರಸ್ತೆಯಲ್ಲಿ ಆಗ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಕಾಮಗಾರಿ ನಡೆಯುತ್ತಿತ್ತು. ಮೊದಲೇ ಇಕ್ಕಟ್ಟಾಗಿದ್ದ ಆ ದಾರಿಯೇ ಎಲೆಕ್ಟ್ರಾನಿಕ್ ಸಿಟಿಯಿಂದ ಊರೊಳಕ್ಕೆ ಬರುವ ಮುಖ್ಯ ದಾರಿ. ಇಷ್ಟಾದರೂ ನಗರದ ದುಡಿಮೆ ಮುರಿದು ಬೀಳಲಿಲ್ಲ. ಕಚೇರಿಗಳು ಮತ್ತೆ ತೆರೆದವು, ಕಾರ್ಖಾನೆಯ ಪಾಳಿಗಳು ನಡೆದವು, ವಿಧಾನಸೌಧದಲ್ಲಿ ಕಡತಗಳು ಓಡಾಡಿದವು.

ಆ ದಿನಗಳಲ್ಲಿ ಇದನ್ನು ಬೆಂಗಳೂರಿನ ಗಟ್ಟಿತನ ಎಂದು ಹೊಗಳಿದವರು ಬಹಳ ಜನ. ಜನರ ಧೈರ್ಯವನ್ನು ನಾನು ಕಡಿಮೆ ಎನ್ನುವುದಿಲ್ಲ. ಆದರೆ ಕಾರಣ ಅದಲ್ಲ. ಬಾಂಬ್ ಸಿಡಿದದ್ದು ಬಸ್ ತಂಗುದಾಣ, ರಸ್ತೆಬದಿ, ಸರ್ಕಲ್‌ಗಳಲ್ಲಿ. ಅಲ್ಲಿ ಜನ ಇದ್ದರು, ಹಾಗಾಗಿ ಜೀವ ಹೋಯಿತು. ಆದರೆ ರಾಜ್ಯದ ಯಾವ ಕೆಲಸವೂ ಆ ಜಾಗಗಳನ್ನೇ ನಂಬಿಕೊಂಡಿರಲಿಲ್ಲ. ಒಂದು ತಂಗುದಾಣ ಮುಚ್ಚಿದರೆ ಬಸ್ಸು ಮುಂದಿನದರಲ್ಲಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಹಾಗೆ ಮುಂದಿನದು ಎಂಬುದೇ ಇಲ್ಲದ ಜಾಗಗಳು ಬೇಕಾದಷ್ಟಿವೆ. ಈ ಪ್ರಕರಣ ಅವುಗಳದ್ದು.

ಹತ್ತು ನಿಮಿಷದ ನಡಿಗೆಯಲ್ಲಿ ಒಂದು ರಾಜ್ಯ

ವಿಧಾನಸೌಧದ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಸುಮ್ಮನೆ ಸುತ್ತ ಒಮ್ಮೆ ನೋಡಿ. ಒಂದು ಬದಿಗೆ 1956ರಲ್ಲಿ ಮುಗಿದ ವಿಧಾನಸೌಧ, ಪಕ್ಕದಲ್ಲೇ ಸಚಿವಾಲಯದ ವಿಕಾಸಸೌಧ. ರಸ್ತೆಯಾಚೆ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟ್. ಕೊಂಚ ದೂರದಲ್ಲಿ ಸರ್ಕಾರಿ ಇಲಾಖೆಗಳ ಬಹುಮಹಡಿ ಕಟ್ಟಡ, ಪ್ರಧಾನ ಅಂಚೆ ಕಚೇರಿ, ರಾಜಭವನ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಹತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು.

ಬಹುಮಹಡಿ ಕಟ್ಟಡದ ಗೇಟಿನಲ್ಲಿ ಪಾಸಿಗಾಗಿ ನಿಂತವರನ್ನು ಮಾತಾಡಿಸಿ ನೋಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೀದರಿನಿಂದ ಬಂದ ಮೇಷ್ಟ್ರು ಸಿಗುತ್ತಾರೆ, ಪಿಂಚಣಿ ಕಡತ ಯಾವ ಟೇಬಲ್ಲಿನಲ್ಲಿದೆ ಎಂದು ಕೇಳಲು ಬಂದವರು. ರಾಯಚೂರಿನ ಗುತ್ತಿಗೆದಾರ, ಉತ್ತರ ಕನ್ನಡದ ಅರಣ್ಯ ಹಕ್ಕು ಅರ್ಜಿದಾರ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ ಜೆರಾಕ್ಸ್ ಪ್ರತಿಗಳು. ಇವರ ಕೆಲಸಕ್ಕೆ ಬೇಕಾದ ಸಹಿ ಜಿಲ್ಲೆಯಲ್ಲೇ ಬಿದ್ದಿದ್ದರೆ ಇಲ್ಲಿ ಈ ಸಾಲೇ ಇರುತ್ತಿರಲಿಲ್ಲ. ಅಧಿಕಾರ ಒಂದೆಡೆ ಗುಡ್ಡೆ ಬಿದ್ದಿರುವುದಕ್ಕೆ ಈ ಸಾಲಿಗಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ. ಭದ್ರತೆಯ ಕಣ್ಣಿನಿಂದ ನೋಡಿದರೂ ಅದೇ ಮಾತು: ಈ ಒಂದು ಆವರಣ ಒಂದು ತಿಂಗಳು ಮುಚ್ಚಿದರೆ ಬೀದರಿನ ಪಿಂಚಣಿ ನಿಲ್ಲುತ್ತದೆ.

ಇದು ಬರೀ ಊಹೆಯಲ್ಲ. 2012ರ ಜೂನ್‌ನಲ್ಲಿ ಮುಂಬೈನ ಮಂತ್ರಾಲಯಕ್ಕೆ, ಅಂದರೆ ಮಹಾರಾಷ್ಟ್ರದ ಸಚಿವಾಲಯಕ್ಕೆ, ಬೆಂಕಿ ಬಿತ್ತು. ಮೇಲಿನ ಮಹಡಿಗಳು ಸುಟ್ಟವು, ಜೀವಗಳೂ ಹೋದವು, ಕಡತಗಳೂ ಹೋದವು. ಅದು ದಾಳಿಯಲ್ಲ, ಅವಘಡ. ಆದರೆ ಸುಟ್ಟ ಕಡತಕ್ಕೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ.

ಸರ್ಕಾರದ ಆಚೆಗೂ ಕಥೆ ಇದೇ. ನಗರದ ಕುಡಿಯುವ ನೀರನ್ನೇ ತೆಗೆದುಕೊಳ್ಳಿ. ಹಿಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಿಂದ ನೀರು ಬರುತ್ತಿತ್ತು. 1974ರಲ್ಲಿ ಕಾವೇರಿ ಮೊದಲ ಹಂತ ಬಂದ ಮೇಲೆ ಹಂತ ಹಂತವಾಗಿ ಬಹುಪಾಲು ಭಾರ ಸುಮಾರು 100 ಕಿಲೋಮೀಟರ್ ದೂರದ ಒಂದೇ ನದಿಯ ಮೇಲೆ ಬಿತ್ತು. ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್, 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತದ್ದು ಇನ್ನೂ 77.5 ಕೋಟಿ ಲೀಟರ್. ಈ ಒಂದೇ ಮೂಲ ನಿಂತರೆ ಆಸರೆಯಾಗಬಲ್ಲ ಊರಿನ ಕೆರೆ ತುಂಬಿಸುವುದನ್ನು ಪರಿಸರದ ವಿಷಯ ಎಂದು ಮಾತ್ರ ನೋಡುವವರು ಅದನ್ನು ಭದ್ರತೆಯ ವಿಷಯವೆಂದೂ ನೋಡಬೇಕು ಎನ್ನುವುದು ನನ್ನ ಮಾತು.

ವಿಮಾನ ನಿಲ್ದಾಣವೂ ಹಾಗೆಯೇ. ಸ್ಫೋಟಗಳಿಗೆ ಎರಡು ತಿಂಗಳ ಹಿಂದೆ, 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾಯಿತು. ನಗರದೊಳಗಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ವಾಣಿಜ್ಯ ವಿಮಾನಗಳು ನಿಂತವು. ಮೈಸೂರು, ಹಾಸನ ಬಿಟ್ಟು 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರಬಾರದೆಂದು ಒಪ್ಪಂದದಲ್ಲೇ ಬರೆಯಲಾಗಿತ್ತು. ಹಣ ಹೂಡುವವರಿಗೆ ಭರವಸೆ ಬೇಕು, ಅದು ಅರ್ಥವಾಗುತ್ತದೆ. ಆದರೆ ಕೋಟಿ ಜನರ ಊರಿಗೆ ಒಂದೇ ಬಾಗಿಲಿರಲಿ ಎಂದು ನಾವೇ ಸಹಿ ಹಾಕಿಕೊಟ್ಟಂತಾಯಿತು.

ಬೆಂಗಳೂರು ಆಗಿದ್ದು ಹೇಗೆ

ಈ ಊರಿಗೆ ಇಷ್ಟೆಲ್ಲ ಬಂದು ಸೇರಿದ್ದರಲ್ಲಿ ಭದ್ರತೆಯ ಲೆಕ್ಕಾಚಾರಕ್ಕೂ ಪಾಲಿದೆ. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಟ್ಟಿದರು. ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳ ಹಾಕಿತು. ಶಿವನಸಮುದ್ರದ ವಿದ್ಯುತ್ ಇತ್ತು, ಹವೆ ಚೆನ್ನಾಗಿತ್ತು. ಅದರ ಜೊತೆಗೆ ಊರು ಒಳನಾಡಿನಲ್ಲಿತ್ತು. 1942ರ ಏಪ್ರಿಲ್‌ನಲ್ಲಿ ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ಬೆಂಗಳೂರಿನ ಕಾರ್ಖಾನೆ ಮಾತ್ರ ಸುರಕ್ಷಿತವಾಗಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಗಿ ದುಡಿಯಿತು. ಸ್ವಾತಂತ್ರ್ಯದ ನಂತರ ಗಡಿಯಿಂದಲೂ ಕಡಲಿನಿಂದಲೂ ದೂರವಿದ್ದ ಇದೇ ಊರಿಗೆ 1948ರಲ್ಲಿ ದೂರವಾಣಿ ಉಪಕರಣಗಳ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, 1964ರಲ್ಲಿ ಭಾರೀ ಯಂತ್ರಗಳ ಬಿಇಎಂಎಲ್ ಬಂದವು. 1972ರಲ್ಲಿ ಬಾಹ್ಯಾಕಾಶ ಇಲಾಖೆಯೂ ಬಂತು.

ದೇಶದ ಲೆಕ್ಕದಲ್ಲಿ ಇದು ವಿಕೇಂದ್ರೀಕರಣವೇ. ಮುಂಬೈ, ಕೋಲ್ಕತ್ತಗಳಿಂದ ಭಾರ ಇಳಿಸಿ ಒಳನಾಡಿಗೆ ತಂದದ್ದು. ಶತ್ರು ಗಡಿಯಾಚೆಯಿಂದ ವಿಮಾನದಲ್ಲಿ ಬರುತ್ತಾನೆ ಎಂದುಕೊಂಡ ಕಾಲದಲ್ಲಿ ದೂರವೇ ಕೋಟೆಯಾಗಿತ್ತು. ಬಸ್ಸಿನಲ್ಲಿ ಚೀಲ ಹಿಡಿದು ಬರುವವನಿಗೆ ದೂರ ಲೆಕ್ಕಕ್ಕಿಲ್ಲ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಜೆ.ಎನ್. ಟಾಟಾ ಸಭಾಂಗಣದ ಹೊರಗೆ ಗುಂಡು ಹಾರಿಸಿ ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಅವರನ್ನು ಕೊಂದಾಗಲೇ ಅದು ಗೊತ್ತಾಗಬೇಕಿತ್ತು. ಅಪಾಯದ ಸ್ವರೂಪ ಬದಲಾಗಿತ್ತು, ನಮ್ಮ ನಕ್ಷೆ ಮಾತ್ರ ಹಳೆಯದೇ ಉಳಿದಿತ್ತು.

ಕಾವಲು ಹೆಚ್ಚಿಸಿದ ವರ್ಷಗಳು

2008ರ ಜುಲೈ ಆಯಿತು, ನವೆಂಬರ್‌ನಲ್ಲಿ ಮುಂಬೈ ದಾಳಿಯೂ ಆಯಿತು. ನಂತರ ಬಂದದ್ದು ಮುಖ್ಯವಾಗಿ ಕಾವಲು. 2009ರಲ್ಲಿ ಕೇಂದ್ರದ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನ ಕಾಯ್ದೆಗೆ ತಿದ್ದುಪಡಿ ತಂದು ಖಾಸಗಿ ಸಂಸ್ಥೆಗಳಿಗೂ ಆ ಪಡೆಯ ರಕ್ಷಣೆ ಸಿಗುವಂತೆ ಮಾಡಿದರು. ಅದೇ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಆವರಣಕ್ಕೆ ಬಂದೂಕು ಹಿಡಿದ ಜವಾನರು ಬಂದರು. ವೆಚ್ಚ ಕಂಪನಿಯದ್ದೇ. 2017ರಲ್ಲಿ ಹೆಚ್ಚು ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯ ಮಾಡುವ ಸಾರ್ವಜನಿಕ ಸುರಕ್ಷತಾ ಕಾಯ್ದೆ ಬಂತು. ಇವು ಬೇಡವೆಂದು ನಾನು ಹೇಳುವುದಿಲ್ಲ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಶಂಕಿತನ ಜಾಡು ಹಿಡಿಯಲು ನೆರವಾದದ್ದು ಕ್ಯಾಮೆರಾಗಳೇ.

ಆ ವರ್ಷಗಳಲ್ಲಿ ನಿಜಕ್ಕೂ ಹರಡಿದ್ದು ಒಂದು ವಿಷಯ: ಎನ್‌ಎಸ್‌ಜಿ, ಅಂದರೆ ಭಯೋತ್ಪಾದನೆ ಎದುರಿಸುವ ಕೇಂದ್ರದ ಕಮಾಂಡೊ ಪಡೆ. ಮುಂಬೈ ದಾಳಿಯ ರಾತ್ರಿ ಕಮಾಂಡೊಗಳು ದೆಹಲಿ ಬಳಿಯ ಮಾನೇಸರದಿಂದ ಹೊರಟು ತಲುಪುವಷ್ಟರಲ್ಲಿ ಬೆಳಗಾಗಿತ್ತು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಅದರ ಪ್ರಾದೇಶಿಕ ಕೇಂದ್ರಗಳು ತೆರೆದವು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ರಾಜ್ಯ ತನ್ನದೇ ಗರುಡ ಪಡೆಯನ್ನು ಕಟ್ಟಿಕೊಂಡಿತು.

ಪ್ರತಿಕ್ರಿಯೆಯ ಶಕ್ತಿ ಹರಡದಿದ್ದರೆ ಏನಾಗುತ್ತದೆ ಎಂಬುದು 2023ರ ಡಿಸೆಂಬರ್ 1ರಂದು ಕಂಡಿತು. ಬೆಂಗಳೂರು ಮತ್ತು ಸುತ್ತಲಿನ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಎಲ್ಲವೂ ಹುಸಿ. ಆದರೆ ಶಾಲೆಗಳು ಊರ ತುಂಬ ಹರಡಿದ್ದವು, ಬಾಂಬ್ ಪತ್ತೆ ದಳಗಳು ಕೆಲವೇ. ಮಕ್ಕಳನ್ನು ಹೊರಗೆ ಕಳಿಸಬೇಕೋ ಒಳಗೆ ಇಟ್ಟುಕೊಳ್ಳಬೇಕೋ ಎಂದು ನಿರ್ಧರಿಸಬೇಕಾದವರು ಆ ಕ್ಷಣದಲ್ಲಿ ಮುಖ್ಯೋಪಾಧ್ಯಾಯರು, ಹತ್ತಿರದ ಠಾಣೆಯವರು. ಅವರಿಗೆ ತರಬೇತಿ ಕೊಡುವುದು ಎಲ್ಲವನ್ನೂ ಒಂದೆಡೆಯಿಂದ ನಿಯಂತ್ರಿಸುವ ಇನ್ನೊಂದು ಕಮಾಂಡ್ ಸೆಂಟರ್ ಕಟ್ಟುವುದಕ್ಕಿಂತ ಅಗ್ಗ.

ಒಂದೇ ಕಮಾಂಡ್ ಸೆಂಟರ್ ಎಂದಾಗ ನ್ಯೂಯಾರ್ಕ್ ನೆನಪಾಗದೆ ಇರದು. ಆ ನಗರದ ತುರ್ತು ನಿರ್ವಹಣಾ ಕೇಂದ್ರ ಇದ್ದದ್ದು 7 ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡದಲ್ಲಿ. 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಅದನ್ನು ಖಾಲಿ ಮಾಡಬೇಕಾಯಿತು, ಸಂಜೆಗೆ ಕಟ್ಟಡವೇ ಕುಸಿಯಿತು. ಅದೇ ದಾಳಿಯಲ್ಲಿ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಹಣಕಾಸು ಸಂಸ್ಥೆ ತನ್ನ 658 ನೌಕರರನ್ನು ಕಳೆದುಕೊಂಡಿತು. ಆದರೂ ನ್ಯೂಜೆರ್ಸಿಯಲ್ಲಿ ಇಟ್ಟಿದ್ದ ಪರ್ಯಾಯ ವ್ಯವಸ್ಥೆಯಿಂದ ಎರಡೇ ದಿನದಲ್ಲಿ ಅದರ ಎಲೆಕ್ಟ್ರಾನಿಕ್ ವಹಿವಾಟು ಮತ್ತೆ ಶುರುವಾಯಿತು. ಆ 658 ಮನೆಗಳ ದುಃಖಕ್ಕೆ ಯಾವ ಪರ್ಯಾಯವೂ ಇಲ್ಲ. ಹರಡಿಟ್ಟ ವ್ಯವಸ್ಥೆ ಉಳಿಸುವುದು ಕೆಲಸವನ್ನು. ಮಡಿವಾಳದ ತಂಗುದಾಣದಲ್ಲಿ ನಿಂತ ಹೆಣ್ಣುಮಗಳನ್ನು ಉಳಿಸುವುದು ಮುನ್ನೆಚ್ಚರಿಕೆಯ ಪೊಲೀಸ್ ಕೆಲಸ, ಗಾಯಾಳುವನ್ನು ಉಳಿಸುವುದು ಕೂಗಳತೆಯಲ್ಲಿರುವ ಆಸ್ಪತ್ರೆ. ವಿಕೇಂದ್ರೀಕರಣದ ಪರ ವಾದಿಸುವವರು ಇದನ್ನು ಮುಚ್ಚಿಡಬಾರದು.

ಹಂಚಿದರೆ ಸಾಲದು, ಜೋಡಿ ಬೇಕು

ಕಾರ್ಖಾನೆಗಳನ್ನು ಹರಡುವುದರಲ್ಲಿ ಒಂದು ದೊಡ್ಡ ಗುಂಡಿಯಿದೆ. 1944ರ ಆರಂಭದಲ್ಲಿ ಮಿತ್ರರಾಷ್ಟ್ರಗಳ ಬಾಂಬ್ ದಾಳಿ ಜೋರಾದಾಗ ಜರ್ಮನಿ ತನ್ನ ವಿಮಾನ ಕಾರ್ಖಾನೆಗಳನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು ಊರೂರಿಗೆ ಹಂಚಿತು. ಉತ್ಪಾದನೆ ಕೆಲವು ತಿಂಗಳು ಏರಿತು ಕೂಡ. ಆದರೆ ರೆಕ್ಕೆ ಒಂದು ಊರಲ್ಲಿ, ಎಂಜಿನ್ ಇನ್ನೊಂದರಲ್ಲಿ, ಜೋಡಣೆ ಮತ್ತೊಂದರಲ್ಲಿ. ಎಲ್ಲವೂ ರೈಲನ್ನು ನಂಬಿಕೊಂಡಿತು. ರೈಲು ಹಳಿಗಳ ಮೇಲೆ ಬಾಂಬ್ ಬೀಳತೊಡಗಿದ ಮೇಲೆ ಹಂಚಿದ್ದೇ ಮುಳುವಾಯಿತು. ಒಂದು ಕೆಲಸದ ತುಂಡುಗಳನ್ನು ಹತ್ತು ಕಡೆ ಇಟ್ಟರೆ ಹತ್ತರಲ್ಲಿ ಯಾವುದು ನಿಂತರೂ ಕೆಲಸ ನಿಲ್ಲುತ್ತದೆ. ಅದೇ ಕೆಲಸವನ್ನು ಪೂರ್ತಿಯಾಗಿ ಮಾಡಬಲ್ಲ ಎರಡನೆಯ ಜಾಗ ಇದ್ದರೆ ಮಾತ್ರ ರಕ್ಷಣೆ.

ನಮ್ಮಲ್ಲೇ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ಇಸ್ರೋದ ಭೂಸ್ಥಿರ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯದು ಬಂತು. ನಾವು ನೋಡುವ ಟಿವಿ, ಹವಾಮಾನದ ಚಿತ್ರಗಳ ಹಿಂದಿರುವ ಉಪಗ್ರಹಗಳನ್ನು ಸಂಭಾಳಿಸಲು ಹಾಸನವೊಂದೇ ಗತಿಯಲ್ಲ. ಆಧಾರ್‌ನ ದತ್ತಾಂಶ ಕೇಂದ್ರಗಳೂ ಬೆಂಗಳೂರು ಮತ್ತು ಮಾನೇಸರ ಎರಡರಲ್ಲೂ ಇವೆ. ತೇಜಸ್ ಯುದ್ಧವಿಮಾನದ ಜೋಡಣೆ ಬೆಂಗಳೂರಿನ ಜೊತೆಗೆ ನಾಸಿಕದಲ್ಲೂ ಶುರುವಾಗಿದೆ. ಉದ್ದೇಶ ವೇಗ ಹೆಚ್ಚಿಸುವುದಾದರೂ, ಒಂದೇ ಊರನ್ನು ನಂಬಿಕೊಳ್ಳುವ ಪರಿಸ್ಥಿತಿ ತಪ್ಪಿತು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ತುಮಕೂರಿಗೆ ಉದ್ಯೋಗ ತಂದಿತು. ಅದು ಸಂತೋಷ. ಆದರೆ ಬೆಂಗಳೂರಿಗೆ ಅದು ಎಷ್ಟರಮಟ್ಟಿಗೆ ಪರ್ಯಾಯ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು.

ಮಾಹಿತಿ ತಂತ್ರಜ್ಞಾನದ ಉದ್ಯಮಕ್ಕೆ ಈ ಪಾಠ ಕಲಿಸಿದ್ದು ಕೊರೊನಾ. 2020ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು ಖಾಲಿಯಾದವು. ಹಾಸನ, ಧಾರವಾಡ, ಉಡುಪಿಯ ಮನೆಗಳಿಂದ ಕೆಲಸ ಸಾಗಿತು. ಯಾವ ಭದ್ರತಾ ತಜ್ಞರೂ ಮಾಡಿಸಲಾಗದ ತಾಲೀಮು ಅದು. ಆಮೇಲೆ ಎಲ್ಲರನ್ನೂ ಮತ್ತೆ ಅದೇ ರಸ್ತೆಗೆ ಕರೆಸಲಾಯಿತು. 2022ರ ಆಗಸ್ಟ್ 30ರಂದು ಮಳೆನೀರು ನಿಂತು ನೌಕರರು ರಸ್ತೆಯಲ್ಲೇ ಗಂಟೆಗಟ್ಟಲೆ ಸಿಕ್ಕಿಕೊಂಡ ಆ ಒಂದು ದಿನಕ್ಕೆ 225 ಕೋಟಿ ರೂಪಾಯಿ ನಷ್ಟ ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ದಾಳಿ ಮಾಡುವವನೇ ಬೇಕಾಗಿರಲಿಲ್ಲ, ಒಂದು ಮಳೆ ಸಾಕಾಯಿತು.

ಬೆಳಗಾವಿಗೆ ಕಟ್ಟಡ ಹೋಯಿತು, ಸಹಿ ಹೋಗಲಿಲ್ಲ

ಈಗ ಸರ್ಕಾರದ ಕಡೆ ಬರೋಣ. ಸ್ಫೋಟಗಳಾದ ಅದೇ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಭಯೋತ್ಪಾದನೆಗೂ ಅದಕ್ಕೂ ಸಂಬಂಧವಿಲ್ಲ. ಉತ್ತರ ಕರ್ನಾಟಕದ ವಕೀಲರು, ಕಕ್ಷಿದಾರರು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಆದರೆ ನಾನು ಹೇಳುತ್ತಿರುವ ರಕ್ಷಣೆಯ ಅತ್ಯುತ್ತಮ ಉದಾಹರಣೆ ಅದೇ. ಧಾರವಾಡದ ನ್ಯಾಯಮೂರ್ತಿ ಆದೇಶ ಬರೆಯಲು ಬೆಂಗಳೂರನ್ನು ಕೇಳಬೇಕಿಲ್ಲ.

ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಭವ್ಯ ಕಟ್ಟಡ. ಚಳಿಗಾಲದ ಅಧಿವೇಶನ ಬಂದಾಗ ಕಡತ, ಅಧಿಕಾರಿ, ವಾಹನ, ಪೊಲೀಸ್ ಎಲ್ಲವೂ ಬೆಂಗಳೂರಿನಿಂದ ಹೋಗುತ್ತದೆ. ಅಧಿವೇಶನ ಮುಗಿದ ಮೇಲೆ ಎಲ್ಲವೂ ವಾಪಸ್. ಉತ್ತರ ಕರ್ನಾಟಕದ ಜನರ ಸ್ವಾಭಿಮಾನಕ್ಕೆ ಆ ಕಟ್ಟಡದ ಮಹತ್ವ ದೊಡ್ಡದು, ಅದನ್ನು ಗೌರವದಿಂದಲೇ ಹೇಳುತ್ತೇನೆ. ಆದರೆ ಆಪತ್ತಿನ ದಿನ ರಾಜ್ಯವನ್ನು ನಡೆಸಬಲ್ಲ ಎರಡನೆಯ ಜಾಗವಾಗಿ ಅದು ಇನ್ನೂ ಬೆಳೆದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ಭ್ರಮೆ ಹುಟ್ಟಿದೆ: ಕಚೇರಿಗಳು ಊರೂರಲ್ಲಿವೆ, ಹಾಗಾಗಿ ವ್ಯವಸ್ಥೆ ಹರಡಿದೆ ಎಂದು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ-2 ತಂತ್ರಾಂಶದ ಮೇಲೆ ಡಿಡಿಒಎಸ್ ದಾಳಿ ನಡೆಯಿತು. ಸುಳ್ಳು ಕೋರಿಕೆಗಳನ್ನು ಲೆಕ್ಕವಿಲ್ಲದಷ್ಟು ಕಳಿಸಿ ಸರ್ವರ್‌ಗೆ ಉಸಿರು ಕಟ್ಟಿಸುವ ವಿಧಾನ ಅದು. ರಾಜ್ಯದಾದ್ಯಂತ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ಕುಂಟಿತು, ಕೆಲವು ದಿನ ನಿಂತೇ ಹೋಯಿತು. ಕಚೇರಿಯ ಬಾಗಿಲು ತೆರೆದಿತ್ತು, ಸಿಬ್ಬಂದಿ ಇದ್ದರು, ಸಾಕ್ಷಿಗಳು ಆಧಾರ್ ಕಾರ್ಡ್ ಹಿಡಿದು ಬೆಂಚಿನ ಮೇಲೆ ಕೂತಿದ್ದರು, ಪರದೆಯ ಮೇಲೆ ಪುಟ ಮಾತ್ರ ತೆರೆಯುತ್ತಿರಲಿಲ್ಲ. ಹಿಂದೆ ಒಂದು ಕಚೇರಿಯ ದಪ್ತರಕ್ಕೆ ಬೆಂಕಿ ಬಿದ್ದರೆ ಒಂದು ತಾಲ್ಲೂಕು ನಿಲ್ಲುತ್ತಿತ್ತು. ಈಗ ಒಂದು ದಾಳಿಗೆ ಇಡೀ ರಾಜ್ಯದ ಕೆಲಸ ಕೈಕಟ್ಟಿ ಕೂರುತ್ತದೆ. ಪರದೆ ಕೈಕೊಟ್ಟ ದಿನ ಕಾಗದದ ಮೇಲೆ ಸ್ವೀಕರಿಸಿ ನಂತರ ದಾಖಲಿಸುವ ಅಧಿಕಾರವನ್ನು ತಾಲ್ಲೂಕಿಗೆ ಕೊಡುವುದಕ್ಕೆ ಹಣ ಬೇಡ, ಒಂದು ನಿಯಮ ಬೇಕು.

ಅಧಿಕಾರ ಕೊಡುವುದು ಹೇಗೆಂದು ಈ ರಾಜ್ಯಕ್ಕೆ ಗೊತ್ತಿಲ್ಲವೆಂದಲ್ಲ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್ ತಂದ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಅಲ್ಲಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ತಂದ 73ನೇ ತಿದ್ದುಪಡಿಗೂ ಮೊದಲೇ ಇಷ್ಟು ಮಾಡಿದ್ದ ರಾಜ್ಯದಲ್ಲಿ ರಾಜಧಾನಿಯ ಪಾಲಿಕೆಗೇ 2020ರ ಸೆಪ್ಟೆಂಬರ್ ನಂತರ ವರ್ಷಗಟ್ಟಲೆ ಚುನಾಯಿತ ಸದಸ್ಯರಿರಲಿಲ್ಲ. 2025ರಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದರು. ಐದಕ್ಕೂ ತಮ್ಮದೇ ತುರ್ತು ನಿಯಂತ್ರಣ ಕೊಠಡಿ, ಹಣ ಖರ್ಚು ಮಾಡುವ ಅಧಿಕಾರ, ತಮ್ಮ ವ್ಯಾಪ್ತಿಯಲ್ಲೇ ಗಾಯಾಳುಗಳನ್ನು ನೋಡಬಲ್ಲ ಸರ್ಕಾರಿ ಆಸ್ಪತ್ರೆ ಇದ್ದರೆ ಅದು ವಿಕೇಂದ್ರೀಕರಣ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳ ಮೇಲೆಯೇ ಎಲ್ಲ ಭಾರ ಬೀಳುವ ಊರಿನಲ್ಲಿ, ಆಸ್ಪತ್ರೆಯ ಆವರಣದಲ್ಲೇ ಬಾಂಬ್ ಸಿಡಿದ ಅಹಮದಾಬಾದ್‌ನ ಆ ಸಂಜೆಯನ್ನು ಮರೆಯಬಾರದು.

ಹರಡುವುದಕ್ಕೆ ಬೆಲೆಯಿದೆ. ಎರಡು ಕಡೆ ಯಂತ್ರ, ಎರಡು ಕಡೆ ಸಿಬ್ಬಂದಿ, ಎರಡು ಕಡೆ ಕಾವಲು. ಸಣ್ಣ ಊರಿನ ಕಚೇರಿಗೆ ರಕ್ಷಣೆ ಕಡಿಮೆ ಎಂಬ ಆಕ್ಷೇಪವೂ ನಿಜ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಒಂದು ಬಿಡಿಭಾಗ ಬೇಕೆಂದರೆ ಪಕ್ಕದ ಬೀದಿಯಲ್ಲೇ ಸಿಗುತ್ತದೆ, ಆ ಅನುಕೂಲವನ್ನು ಚಳ್ಳಕೆರೆಯಲ್ಲಿ ಹುಟ್ಟಿಸಲು ದಶಕಗಳು ಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಜಾಗ ಕೊಟ್ಟಾಗ ದನ ಮೇಯಿಸುವವರ ಬದುಕಿಗೆ ಬಿದ್ದ ಪೆಟ್ಟೂ ಈ ಲೆಕ್ಕದಲ್ಲಿ ಸೇರಬೇಕು. ಹಾಗಾಗಿ ಎಲ್ಲವನ್ನೂ ಎತ್ತಿ ಸಾಗಿಸಿ ಎಂದು ನಾನು ಕೇಳುತ್ತಿಲ್ಲ. ನಿಂತರೆ ರಾಜ್ಯವೇ ನಿಲ್ಲುವ ಕೆಲಸಗಳು ಯಾವುವು ಎಂದು ಗುರುತಿಸಿ, ಅವುಗಳಿಗೆ ಮಾತ್ರ ಪೂರ್ಣಾಧಿಕಾರದ ಎರಡನೆಯ ಜಾಗ ಕೊಡಿ ಎನ್ನುತ್ತಿದ್ದೇನೆ.

ಗುರುತಿಸುವುದಕ್ಕೆ ಸಮಿತಿ ಬೇಕಿಲ್ಲ. ಮುಂದಿನ ಚಳಿಗಾಲದ ಅಧಿವೇಶನದಲ್ಲಿ ಒಂದು ವಾರ ಬಹುಮಹಡಿ ಕಟ್ಟಡ, ವಿಕಾಸಸೌಧಗಳ ಬಾಗಿಲು ಹಾಕಿ, ಇಡೀ ರಾಜ್ಯದ ಆಡಳಿತವನ್ನು ಬೆಳಗಾವಿಯಿಂದ ಮತ್ತು ಜಿಲ್ಲೆಗಳಿಂದ ನಡೆಸಿ ನೋಡಲಿ. ಖಜಾನೆಯ ಬಿಲ್ಲು, ಪಿಂಚಣಿ, ಆಸ್ಪತ್ರೆಗಳಿಗೆ ಔಷಧ, ಪೊಲೀಸ್ ಆದೇಶ, ನೋಂದಣಿ, ಎಲ್ಲವನ್ನೂ. ಪ್ರತಿ ಇಲಾಖೆಯೂ ಆ ವಾರ ಯಾವ ಕೆಲಸಕ್ಕೆ, ಯಾರ ಸಹಿಗೆ, ಯಾವ ಸರ್ವರ್‌ಗೆ ಬೆಂಗಳೂರನ್ನೇ ಕೇಳಬೇಕಾಯಿತು ಎಂದು ಬರೆದಿಡಲಿ. ಆ ಪಟ್ಟಿಯನ್ನು ಅದೇ ಸದನದಲ್ಲಿ ಮಂಡಿಸಿ, ಒಂದೊಂದು ಸಾಲಿನ ಎದುರಿಗೂ ಇನ್ನೊಂದು ಊರಿನ ಹೆಸರು ಮತ್ತು ಒಬ್ಬ ಅಧಿಕಾರಿಯ ಹುದ್ದೆಯನ್ನು ಶಾಸಕರು ಬರೆಸಲಿ.